ಹೊಸ ಬಾಯ್ಲರಿಗೆ ಮಳೆನೀರು ಕುಡಿಸಿ

ಹಂಡೆ ಒಲೆಯ ಜಾಗದಲ್ಲಿ ತಾಮ್ರದ ಸೌದೆ ಬಾಯ್ಲರ್ ಕೂರಿಸಿದ ಮನೆಗಳು ನಮ್ಮ ಬಯಲುಸೀಮೆಯಲ್ಲಿ ಸಾಕಷ್ಟಿವೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ನಾಲ್ಕು ತೆಂಗಿನ ಮಟ್ಟೆ ಹಾಕಿದರೆ ಸ್ನಾನದ ನೀರು ಕಾಯುತ್ತದೆ. ಇದರ ದೊಡ್ಡ ಶತ್ರು ನಮ್ಮದೇ ಬೋರ್‌ವೆಲ್ಲಿನ ಗಡಸು ನೀರು. ಹಂಡೆಯಾದರೆ ಕೈಹಾಕಿ ಉಜ್ಜಬಹುದು, ಮುಚ್ಚಿದ ಬಾಯ್ಲರಿನೊಳಗೆ ಕೈ ಹೋಗುವುದಿಲ್ಲ. ಕಟ್ಟಿದ ಸುಣ್ಣ ಕೀಳುವುದಕ್ಕಿಂತ ಕಟ್ಟದಂತೆ ನೋಡಿಕೊಳ್ಳುವುದೇ ಮೇಲು. ಹೊಸ ಬಾಯ್ಲರ್ ತಂದಾಗ ನಾನು ಮಾಡಿಕೊಂಡ ಏರ್ಪಾಟು ಹೀಗಿದೆ.

ಸುಣ್ಣ ಎಲ್ಲಿಂದ?

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕಾಯಿಸಿದಾಗ ಅವುಗಳಲ್ಲಿ ಒಂದು ಭಾಗ ಸುಣ್ಣವಾಗಿ ಬಿಸಿ ತಗಡಿಗೆ ಅಂಟುತ್ತದೆ. ನೀರು 60 ಡಿಗ್ರಿ ದಾಟಿದರೆ ಅಂಟುವುದು ಜಾಸ್ತಿ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ ಆಸುಪಾಸು. ಕೊತಕೊತ ಕುದಿಸುವುದು ಸೌದೆಗೂ ನಷ್ಟ, ಬಾಯ್ಲರಿಗೂ ನಷ್ಟ.

ಒಂದು ಲೆಕ್ಕ ಹಾಕೋಣ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 100 ಲೀಟರ್ ಕಾಯಿಸಿದರೆ 50 ಗ್ರಾಂ ಲವಣ ಒಳಗೆ ಹೋಯಿತು. ಅದರ ಐದನೇ ಒಂದು ಪಾಲು ಅಂಟಿತೆಂದರೂ ವರ್ಷಕ್ಕೆ ಮೂರೂವರೆ ಕಿಲೋ! ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಸೌದೆ ಹೆಚ್ಚು ಸುಡುತ್ತದೆ, ತಾಮ್ರ ಅತಿಯಾಗಿ ಕಾದು ಬೆಸುಗೆ ಬಿಡುತ್ತದೆ.

ನಿಮ್ಮ ನೀರು ಹೇಗಿದೆ ನೋಡಿ

ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು ಅರ್ಧರ್ಧ ಹಾಕಿ. ಎರಡಕ್ಕೂ ಅಷ್ಟಷ್ಟೇ ಬಾರ್ ಸೋಪಿನ ತುರಿ ಹಾಕಿ ಕುಲುಕಿ. ಬೋರ್ ನೀರಲ್ಲಿ ನೊರೆ ಬಾರದೆ ಮೊಸರು ಒಡೆದಂತೆ ಕಂಡರೆ ಅದು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರ ತನಕ ಅಡ್ಡಿಯಿಲ್ಲ. ಕುಡಿಯಲು ನಡೆಯುವ ನೀರು ಬಾಯ್ಲರಿಗೆ ನಡೆಯಬೇಕೆಂದಿಲ್ಲ!

ಬಾಯ್ಲರಿಗೇ ಬೇರೆ ತೊಟ್ಟಿ

ಮನೆಯ ನೀರನ್ನೆಲ್ಲ ಮೆದು ಮಾಡಬೇಕಿಲ್ಲ, ಬಾಯ್ಲರಿನ 100 ಲೀಟರ್ ಸಾಕು. 50 ಚದರ ಮೀಟರ್ ಮಾಡಿನ ಮೇಲೆ 600 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್. ಪೋಲಾದದ್ದು ಕಳೆದರೂ 24,000 ಸಿಗುತ್ತದೆ. ನನ್ನ ತೊಟ್ಟಿ 5,000 ಲೀಟರಿನದು, ತುಂಬಿದರೆ 50 ದಿನಕ್ಕೆ ಬರುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಹಿಡಿಯುತ್ತೇನೆ. ಬೇಸಿಗೆಯಲ್ಲಿ ಬೋರ್ ನೀರು ಅರ್ಧ ಬೆರೆಸುತ್ತೇನೆ. ಸುಣ್ಣವೂ ಹೆಚ್ಚುಕಡಿಮೆ ಅರ್ಧವಾಯಿತು.

ಉಪ್ಪು ಹಾಕಿ ತೊಳೆಯುವ ನೀರು ಮೆದುಗೊಳಿಸುವ ಯಂತ್ರವೂ ಸಿಗುತ್ತದೆ. ಅದರ ತೊಳೆದ ಉಪ್ಪುನೀರನ್ನು ಮಾತ್ರ ತೋಟಕ್ಕೆ ಬಿಡಬೇಡಿ, ಮಣ್ಣು ಹಾಳು.

ಗಸಿಗೆ ಉಪಾಯ

ಕೆಲವು ಬೋರ್‌ಗಳ ನೀರು ಗಾಳಿ ತಗುಲಿದ ಮೇಲೆ ಕೆಂಪಾಗುತ್ತದೆ. ಅದು ಕಬ್ಬಿಣ. ಅಂಥ ನೀರನ್ನು ಒಂದು ದಿನ ತೊಟ್ಟಿಯಲ್ಲಿ ತಂಗಲು ಬಿಡಿ. ಬಾಯ್ಲರಿಗೆ ಹೋಗುವ ಪೈಪನ್ನು ತೊಟ್ಟಿಯ ತಳದಿಂದ 4 ಇಂಚು ಮೇಲೆ ಕೂರಿಸಿ. ಬಾಯ್ಲರಿನ ತಳದಲ್ಲೊಂದು ನಲ್ಲಿ ಇರಲೇಬೇಕು, ಕೊಳ್ಳುವಾಗಲೇ ಕೇಳಿ ಹಾಕಿಸಿ. ತಿಂಗಳಿಗೊಮ್ಮೆ, ಬೆಂಕಿ ಆರಿ ತಣ್ಣಗಾದ ಮೇಲೆ, ತಿಳಿನೀರು ಬರುವ ತನಕ ಬಿಡಿ.

ಸುಣ್ಣ ಕಂಡರೆ ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ಕರಗಿಸಿ ತುಂಬಿ, ರಾತ್ರಿ ಬಿಟ್ಟು, ಬೆಳಗ್ಗೆ ಎರಡು ಸಲ ತೊಳೆಯಿರಿ. ಆಗ ಬೆಂಕಿ ಬೇಡ. ಗ್ಯಾಸ್ ಬರುತ್ತದೆ, ಮೇಲಿನ ಕೊಳವೆ ತೆರೆದಿರಲಿ. ಕಕ್ಕಸು ತೊಳೆಯುವ ಆಸಿಡ್ ಬೇಡವೇ ಬೇಡ, ಬೆಸುಗೆಯನ್ನೇ ತಿನ್ನುತ್ತದೆ.

ಜೀವದ ಪ್ರಶ್ನೆ

ಬಾಯ್ಲರಿನ ಮೇಲಿರುವ ಗಾಳಿ ಕೊಳವೆಗೆ ವಾಲ್ವ್, ಮುಚ್ಚಳ ಯಾವುದೂ ಹಾಕಬಾರದು. ಅದರೊಳಗೆ ಸುಣ್ಣ ಕಟ್ಟಿ, ನೀರಿನ ದಾರಿಯೂ ಮುಚ್ಚಿದರೆ ಆವಿಗೆ ಹೊರದಾರಿ ಇಲ್ಲದೆ ಬಾಯ್ಲರ್ ಸಿಡಿಯಬಹುದು. ತಿಂಗಳಿಗೊಮ್ಮೆ ಗಸಿ ಬಿಡುವ ದಿನವೇ ಈ ಕೊಳವೆಯನ್ನೂ ನೋಡಿ. ದಿನಾ ಬೆಂಕಿ ಹಾಕುವ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ. ನೀರು ಧಾರಾಳ ಬಂದರೆ ಮಾತ್ರ ಕಡ್ಡಿ ಗೀರಿ. ಮನೆಯಲ್ಲಿ ಒಲೆ ಹೊತ್ತಿಸುವವರೆಲ್ಲರಿಗೂ ಇದು ಗೊತ್ತಿರಲಿ.