ತೆರೆಯ ಹಿಂದಿನ ದನಿ

ಎಂಟನೆಯ ಇಯತ್ತೆಯ ಹುಡುಗನೊಬ್ಬನು ಕಥಾಲೇಖನದ ತಾಸಿನಲ್ಲಿ ಹೀಗೆ ಬರೆದು ತಂದನು: ‘ಭೀಮ ಲಡ್ಡು ತಿಂದ. ಮಗ ಓಡಿದ. ಮಗ ರಾಕ್ಷಸನಿಗೆ ಹೊಡೆದ. ಮಗ ಎಲ್ಲರೂ ನಕ್ಕರು.’ ಭೀಮನಿಗೆ ಮಗ ಯಾವಾಗ ಹುಟ್ಟಿದನಪ್ಪಾ ಎಂದು ನಾವು ಕೇಳಿದೆವು. ತರಗತಿಗೆ ತರಗತಿಯೇ ನಕ್ಕಿತು. ಅವನ ಭೀಮನು ಪಾಂಡವರ ಭೀಮನಲ್ಲ. 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾದ ‘ಛೋಟಾ ಭೀಮ್’. ಆ ‘ಮಗ’ನೂ ನಮ್ಮವನಲ್ಲ, ಮರಾಠಿಯ ‘ಮಗ’, ಎಂದರೆ ‘ಆಮೇಲೆ’.

ಸೋಲಾಪುರ, ಅಕ್ಕಲಕೋಟೆಗಳಲ್ಲಿ ಇದು ಹೊಸದೇನೂ ಅಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ. ನಮ್ಮನ್ನು ಚಿಂತೆಗೆ ಹಚ್ಚಿದ್ದು ಆ ಒಂದು ಶಬ್ದವಲ್ಲ. ಕಥೆಯಲ್ಲಿ ಹೊಡೆದಾಟವಿತ್ತು, ಓಟವಿತ್ತು; ಅದನ್ನು ಹೇಳುವವನೇ ಇರಲಿಲ್ಲ. ಹಾಗಾದರೆ ನೀವು ನೋಡುವ ಕಾರ್ಟೂನಿನಲ್ಲಿ ಕಥೆ ಹೇಳುವವರು ಯಾರು ಎಂದು ಕೇಳಿದೆವು. ‘ಯಾರೂ ಇಲ್ರಿ ಸರ, ಬರೇ ಆವಾಜ್ ಬರ್ತದ’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂದಿತು. ಆ ‘ಬರೇ ಆವಾಜ್’ ಏನೇನು ಮಾಡುವುದೆಂಬುದೇ ಈ ಪಾಠ.

ಜಪಾನಿನ ‘ಡ್ರ್ಯಾಗನ್ ಬಾಲ್ ಝಡ್’ (1989-1996) ಎಂಬ ಸಾಹಸಮಾಲಿಕೆಯನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದರಲ್ಲಿ ನಿರೂಪಕನು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ನಿನ್ನೆ ಎಲ್ಲಿಗೆ ನಿಂತಿತ್ತೆಂದು ನೆನಪು ಕೊಡುವನು, ಕೊನೆಗೆ ನಾಳೆಯ ಕುತೂಹಲವನ್ನು ಕಟ್ಟಿ ಕಳಿಸುವನು. ಅದರಲ್ಲಿ ಫ್ರೀಝಾ ಎಂಬ ಖಳನು ಈ ಗ್ರಹವು ಐದು ನಿಮಿಷಗಳಲ್ಲಿ ಸಿಡಿಯುವುದೆಂದು ಹೇಳುತ್ತಾನೆ. ಆ ಐದು ನಿಮಿಷ ಹಲವು ಕಂತುಗಳವರೆಗೆ ಬೆಳೆಯುತ್ತದೆ! ಗಡಿಯಾರ ಹಿಡಿದು ಕುಳಿತವನು ನಗಬಹುದು. ಆದರೆ ನಡುನಡುವೆ ಆ ದನಿಯು ಬಂದು, ಯಾರ ಬಲ ಕುಂದಿತು, ಏನು ಅಪಾಯ ಉಳಿದಿದೆ ಎಂದು ಹೇಳುತ್ತಿರುವುದರಿಂದ ಮಕ್ಕಳು ಕುಳಿತಲ್ಲಿಂದ ಏಳುವುದಿಲ್ಲ. ಕಾಲವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಚಿತ್ರದ ಕೆಲಸಕ್ಕಿಂತ ಹೆಚ್ಚಾಗಿ ಮಾತಿನ ಕೆಲಸ. ‘ಹನ್ನೆರಡು ವರ್ಷ ಕಳೆದವು’ ಎಂಬ ಮೂರು ಶಬ್ದಗಳನ್ನು ಚಿತ್ರದಲ್ಲಿ ಬರೆದು ತೋರಿಸಿರಿ ನೋಡೋಣ.

ಅಮೇರಿಕೆಯ ‘ದಿ ಪವರ್‌ಪಫ್ ಗರ್ಲ್ಸ್’ (1998) ಮಾಲಿಕೆಯ ಒಂದು ಕಂತು ಇನ್ನೂ ಸ್ವಾರಸ್ಯದ್ದು. ಮೋಜೋ ಜೋಜೋ ಎಂಬ ದುಷ್ಟ ಕಪಿಯು ನಾಯಕಿಯರನ್ನು ಹಿಡಿಯಲಾರದೆ, ನಿರೂಪಕನನ್ನೇ ಹಿಡಿದು ಅವನ ಜಾಗದಲ್ಲಿ ತಾನು ಕುಳಿತುಬಿಡುತ್ತಾನೆ. ಅವನು ಹೇಳಿದಂತೆ ಆ ಹುಡುಗಿಯರು ನಡೆಯಬೇಕಾಗುತ್ತದೆ. ನಗೆಯ ಕಥೆ ನಿಜ. ಆದರೆ ನಾವು ಕಾಣದ ದನಿಯನ್ನು ಎಷ್ಟು ನಂಬುತ್ತೇವೆಂಬುದು ಅದರಲ್ಲಿ ಬಯಲಾಗುತ್ತದೆ. ಪಾತ್ರಗಳು ಸುಳ್ಳು ಹೇಳಿದರೆ ನಾವು ಸಂಶಯಪಡುತ್ತೇವೆ. ನಿರೂಪಕನ ಮಾತನ್ನು ಪರೀಕ್ಷಿಸುವುದೇ ಇಲ್ಲ.

ಇದೆಲ್ಲ ಪರದೇಶದ ವಿದ್ಯೆಯೆಂದು ತಿಳಿಯಬೇಡಿರಿ. ಬಿಳಿಯ ಪರದೆ, ಹಿಂದೆ ದೀಪ, ಬೆಳಕು ಹಾಯುವ ಬಣ್ಣದ ತೊಗಲಿನಲ್ಲಿ ಕೊರೆದ ರಾಮ, ರಾವಣ, ಹನುಮಂತ. ಗೊಂಬೆಗಳು ಹಾರುತ್ತವೆ, ಬಾಣ ಬಿಡುತ್ತವೆ, ತಲೆ ಉರುಳುತ್ತವೆ. ಗೊಂಬೆಯಾಡಿಸುವವರು ಪರದೆಯ ಹಿಂದೆ ಕುಳಿತು ರಾಮನಾಗಿಯೂ ರಾವಣನಾಗಿಯೂ ನುಡಿಯುತ್ತ, ನಡುವೆ ಕಥೆಯನ್ನೂ ಹೇಳುತ್ತಾರೆ. ನಮ್ಮ ತೊಗಲುಗೊಂಬೆಯಾಟಕ್ಕಿಂತ ಹಳೆಯ ‘ಕಾರ್ಟೂನ್ ಮಾಲಿಕೆ’ ಬೇರೆ ಯಾವುದು ಬೇಕು? ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂದಿತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ನಮ್ಮ ಮಹಾರಾಷ್ಟ್ರದಲ್ಲಿಯೂ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಸಮಾಜದವರು ತೊಗಲುಗೊಂಬೆಯನ್ನೂ ಚಿತ್ರಕಥಿಯನ್ನೂ ಉಳಿಸಿಕೊಂಡಿರುವರು. ಚಿತ್ರಕಥಿಯಲ್ಲಿ ಹೇಳುವವನು ಚಿತ್ರ ಹಿಡಿದು ಎದುರಿಗೇ ಕುಳಿತಿರುವನು, ಗೊಂಬೆಯಾಟದಲ್ಲಿ ಮರೆಯಾಗಿರುವನು. ಮರೆಯಾದಷ್ಟೂ ಗೊಂಬೆಗೆ ಜೀವ ಹೆಚ್ಚು.

ಪಾಲಕರಿಗೆ ಇನ್ನೊಂದು ದನಿಯ ನೆನಪು ಇದ್ದೇ ಇದೆ. 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದಿತು. ಅದರಲ್ಲಿ ತಿರುಗುವ ಚಕ್ರ ಮಾತ್ರ ಕಾಣುತ್ತಿತ್ತು; ಮಾತನಾಡುತ್ತಿದ್ದವನು ‘ಸಮಯ’. ಅದು ಹರೀಶ ಭಿಮಾನಿ ಅವರ ಕಂಠ. ಕಥೆಯನ್ನು ಕಾಲನ ಬಾಯಿಂದ ಹೇಳಿಸಿದ್ದು ಜಾಣತನ. ಕಾಲನಿಗೆ ಪಾಂಡವರೂ ಒಂದೇ, ಕೌರವರೂ ಒಂದೇ.

ಮೂಲ ಭಾರತದ ಸಂಜಯನು ಹಾಗಲ್ಲ. ಯುದ್ಧವನ್ನು ನೋಡಲು ಕಣ್ಣು ಕೊಡುವೆನೆಂದು ವ್ಯಾಸರು ಹೇಳಿದಾಗ, ಬಂಧುಗಳ ವಧೆಯನ್ನು ಕಾಣಲಾರೆನೆಂದು ಧೃತರಾಷ್ಟ್ರನು ಬೇಡವೆನ್ನುತ್ತಾನೆ. ಆಗ ಸಂಜಯನಿಗೆ ದಿವ್ಯದೃಷ್ಟಿ ದೊರೆಯುತ್ತದೆ. ಆತನು ರಣದಿಂದ ಬಂದು ಮೊದಲು ಹೇಳುವ ಸುದ್ದಿಯೇ ಭೀಷ್ಮರು ಬಿದ್ದರೆಂಬುದು. ಹತ್ತು ದಿನಗಳ ಕಾಳಗದ ಕೊನೆಯನ್ನು ಮುಂಚೆಯೇ ಹೇಳಿ, ಬಳಿಕ ಮೊದಲಿನಿಂದ ವರ್ಣಿಸುತ್ತಾನೆ. ಕೊನೆ ತಿಳಿದರೆ ಕುತೂಹಲ ಹೋಗುವುದಿಲ್ಲವೇ ಎಂದು ನೀವು ಕೇಳುವಿರಿ. ಕೇಳುವವನು ಮಕ್ಕಳ ತಂದೆ. ‘ಏನಾಯಿತು’ ಎಂಬುದಕ್ಕಿಂತ ‘ಹೇಗಾಯಿತು, ಯಾಕಾಯಿತು’ ಎಂಬುದೇ ಅವನನ್ನು ಸುಡುತ್ತದೆ.

ಇನ್ನು ನಮ್ಮ ಭಾಷೆಯ ವಿಷಯ. ‘ರಾಜನಿದ್ದನು’ ಎನ್ನುವ ನಿರೂಪಕನು ತಾನು ಬಲ್ಲವನಾಗಿ ಹೇಳುತ್ತಾನೆ. ನಿಮ್ಮ ಅಜ್ಜಿ ಹಾಗೆ ಹೇಳುವುದಿಲ್ಲ. ‘ಒಬ್ಬ ರಾಜ ಇದ್ದನಂತ’ ಎನ್ನುತ್ತಾಳೆ. ಗ್ರಂಥದ ‘ಅಂತೆ’ಯೂ ನಮ್ಮ ಮನೆಯ ‘ಅಂತ’ವೂ ಒಂದೇ: ನಾನು ಕಂಡದ್ದಲ್ಲ, ಕೇಳಿದ್ದು. ಮರಾಠಿಯಲ್ಲಿ ‘ಆಲಾ ಮ್ಹಣೇ’ ಎಂದಂತೆ. ಈ ಒಂದು ಪ್ರತ್ಯಯದಿಂದ ಅಜ್ಜಿಯು ತನ್ನ ಹಿಂದಿನ ಎಷ್ಟೋ ಅಜ್ಜಿಯರನ್ನು ತನ್ನೊಡನೆ ಕೂಡಿಸಿಕೊಳ್ಳುತ್ತಾಳೆ. ಅತ್ತ, ಇತ್ತ, ಅಷ್ಟರಲ್ಲಿ, ಹೀಗಿರಲಾಗಿ, ಒಂದು ದಿವಸ - ಇವೆಲ್ಲ ನಿರೂಪಕನ ಕೈಯ ಸೂತ್ರಗಳು. ಇವು ಕಿವಿಗೆ ಬೀಳದ ಮಗು ‘ಮಗ, ಮಗ’ ಎಂದು ಬರೆದರೆ ತಪ್ಪು ಅವನದಷ್ಟೇ ಅಲ್ಲ. ಹಿಂದಿಯ ಕಾರ್ಟೂನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ಹೇಳಿದರೂ ಕೇಳುವವರು ಯಾರು? ಆದರೆ ಮನೆಯಲ್ಲಿ ಕನ್ನಡದಲ್ಲಿ ಕಥೆ ಹೇಳುವ ದನಿಯೊಂದು ದಿನಕ್ಕೆ ಹತ್ತು ನಿಮಿಷವಾದರೂ ಇರಲಿ ಎಂದು ಪಾಲಕರಲ್ಲಿ ನಮ್ಮ ವಿನಂತಿ.

ಆ ಹುಡುಗನಿಗೆ ಕೆಂಪು ಶಾಯಿಯಿಂದ ಗೀಟು ಎಳೆಯಲು ನಮಗೆ ಮನಸ್ಸಾಗಲಿಲ್ಲ. ಟಿ.ವಿ.ಯ ದನಿ ಮುಚ್ಚಿ, ಅದೇ ಕಂತನ್ನು ತಮ್ಮನಿಗೆ ಕನ್ನಡದಲ್ಲಿ ಹೇಳಿಕೊಂಡು ಬಾ ಎಂದೆವು. ಮರುದಿನ ಬಂದು, ಬಹಳ ತ್ರಾಸಾಯಿತೆಂದನು. ಹೊಡೆದಾಟ ಹೇಳುವುದು ಸುಲಭವಿತ್ತಂತೆ. ಭೀಮನು ಲಡ್ಡು ತಿನ್ನುವ ಮೊದಲು ಸುಮ್ಮನೆ ನಿಂತನಲ್ಲ, ಅಲ್ಲಿ ತಮ್ಮನು ‘ಯಾಕ ನಿಂತಾನ?’ ಎಂದು ಕೇಳಿಬಿಟ್ಟನಂತೆ. ಚಿತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇವನೇ ಯೋಚಿಸಿ ಹೇಳಬೇಕಾಯಿತು. ಏನು ಹೇಳಿದನೆಂಬುದನ್ನು ಈಗ ವಹಿಯಲ್ಲಿ ಬರೆಯುತ್ತಿದ್ದಾನೆ. ಎರಡು ಪುಟ ಆಗಿದೆ.