ಒಂದೇ ಎಡೆಯಲ್ಲಿ ಎರಡು ಭೂಮಿಗಳು

ರಾಮಾಯಣದ ಉತ್ತರಕಾಂಡದಲ್ಲಿ ಕುಶಲವರು ಶ್ರೀರಾಮನ ಎದುರಿನಲ್ಲಿಯೇ ರಾಮಕಥೆಯನ್ನು ಹಾಡುತ್ತಾರೆ. ನಾಯಕನು ತನ್ನ ಕಥೆಗೆ ತಾನೇ ಶ್ರೋತೃವಾಗುವ ಈ ಸನ್ನಿವೇಶವನ್ನು ಅರಿಯದವರು ನಮ್ಮಲ್ಲಿ ವಿರಳ. ಆದರೆ ಅಲ್ಲಿ ಹಾಡುತ್ತಿರುವುದು ನಡೆದ ಸಂಗತಿಯೆಂಬ ವಿಷಯದಲ್ಲಿ ಹಾಡುವವರಿಗಾಗಲಿ ಕೇಳುವವನಿಗಾಗಲಿ ಸಂದೇಹವಿಲ್ಲ. ಇದಕ್ಕೆ ಬದಲಾಗಿ, ನಾಯಕನೊಬ್ಬನು ಪುಸ್ತಕವೊಂದನ್ನು ಕೈಗೆತ್ತಿಕೊಂಡು, ತನ್ನದೇ ಬಿರುದುಳ್ಳ, ತನ್ನದೇ ಶಕ್ತಿಯುಳ್ಳ ಪಾತ್ರವೊಂದು ಅದರಲ್ಲಿ ಶುದ್ಧ ಕಲ್ಪನೆಯಾಗಿ ಚಿತ್ರಿತವಾಗಿರುವುದನ್ನು ಕಂಡರೆ? ಮುಂದೊಂದು ದಿನ ಆ ಕಲ್ಪಿತ ವ್ಯಕ್ತಿಯೇ ಬಾಗಿಲು ತೆರೆದು ಎದುರಿಗೆ ನಿಂತರೆ? ಇಂಥ ಒಂದು ಕಥೆಯನ್ನು ಅಮೆರಿಕದ ವಿಜ್ಞಾನಕಥೆಗಾರರು ನಿಜವಾಗಿಯೂ ಬರೆದಿದ್ದಾರೆ. ಕಥೆ ಹುಡುಗರ ಚಿತ್ರಕಥೆಯೇ ಆದರೂ ಅದು ಎತ್ತುವ ಪ್ರಶ್ನೆಗಳು ಭೌತವಿಜ್ಞಾನಕ್ಕೂ ತರ್ಕಶಾಸ್ತ್ರಕ್ಕೂ ಸೇರಿದವು. ಆದಕಾರಣ ಅದನ್ನು ಕೊಂಚ ನಿಧಾನವಾಗಿ ಪರೀಕ್ಷಿಸೋಣ.

1940ರ ಜನವರಿ ಸಂಚಿಕೆಯಿಂದ ‘ಫ್ಲ್ಯಾಷ್ ಕಾಮಿಕ್ಸ್’ ಎಂಬ ಚಿತ್ರಕಥಾ ಪತ್ರಿಕೆಯು ಹೊರಡತೊಡಗಿತು. ಗಾರ್ಡ್ನರ್ ಫಾಕ್ಸರು ಬರೆದು ಹ್ಯಾರಿ ಲ್ಯಾಂಪರ್ಟರು ಚಿತ್ರಿಸಿದ ಅದರ ನಾಯಕನು ಜೇ ಗ್ಯಾರಿಕ್ ಎಂಬ ಕಾಲೇಜು ವಿದ್ಯಾರ್ಥಿ. ಪ್ರಯೋಗಶಾಲೆಯಲ್ಲಿ ಗಡಸು ನೀರಿನ ಆವಿಯನ್ನು ಉಸಿರಾಡಿದುದರಿಂದ ಅವನಿಗೆ ಮಿಂಚಿನ ವೇಗ ಬಂದಿತಂತೆ. ‘ಫ್ಲ್ಯಾಷ್’ ಎಂಬ ಬಿರುದೂ ಬಂದಿತು. 1949ರಲ್ಲಿ ಆ ಪತ್ರಿಕೆ ನಿಂತುಹೋಯಿತು. 1956ರ ಅಕ್ಟೋಬರ್ ತಿಂಗಳ ‘ಷೋಕೇಸ್’ ಪತ್ರಿಕೆಯಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸರು ಅದೇ ಬಿರುದಿನ ಹೊಸ ನಾಯಕನೊಬ್ಬನನ್ನು ತಂದರು. ಇವನು ಬ್ಯಾರಿ ಆಲೆನ್. ಪೊಲೀಸ್ ಇಲಾಖೆಯ ವಿಜ್ಞಾನಿ. ಸಿಡಿಲು ಹೊಡೆದು ರಾಸಾಯನಿಕಗಳು ಮೈಮೇಲೆ ಚೆಲ್ಲಿ ಇವನೂ ಅತಿವೇಗವನ್ನು ಪಡೆಯುತ್ತಾನೆ. ಆದರೆ ಸಿಡಿಲು ಹೊಡೆಯುವುದಕ್ಕೆ ಮುನ್ನ ಅವನು ಮಾಡುತ್ತಿದ್ದುದೇನು? ಜೇ ಗ್ಯಾರಿಕನ ಹಳೆಯ ‘ಫ್ಲ್ಯಾಷ್ ಕಾಮಿಕ್ಸ್’ ಸಂಚಿಕೆಯೊಂದನ್ನು ಓದುತ್ತಿದ್ದನು! ಬ್ಯಾರಿಯ ಲೋಕದಲ್ಲಿ ಜೇ ಎಂಬುವನು ಕಾಗದದ ಮೇಲಿನ ಶಾಯಿಯಷ್ಟೆ. ತನ್ನ ಬಿರುದನ್ನು ಬ್ಯಾರಿಯು ಆ ಕಾಗದದಿಂದಲೇ ಎತ್ತಿಕೊಂಡನು.

ಐದು ವರ್ಷಗಳ ಬಳಿಕ, 1961ರ ಸೆಪ್ಟೆಂಬರ್ ತಿಂಗಳ ‘ದಿ ಫ್ಲ್ಯಾಷ್’ ಪತ್ರಿಕೆಯ 123ನೆಯ ಸಂಚಿಕೆಯಲ್ಲಿ ಫಾಕ್ಸರೇ ಮುಂದಿನ ಕಥೆಯನ್ನು ಬರೆದರು. ಚಿತ್ರಗಳು ಕಾರ್ಮೈನ್ ಇನ್‌ಫ್ಯಾಂಟಿನೋ ಅವರವು. ಅನಾಥ ಮಕ್ಕಳಿಗಾಗಿ ಏರ್ಪಡಿಸಿದ್ದ ಪ್ರದರ್ಶನವೊಂದರಲ್ಲಿ ಬ್ಯಾರಿಯು ಅತಿಶೀಘ್ರವಾಗಿ ಕಂಪಿಸಿ ಮಾಯವಾಗುತ್ತಾನೆ. ಕಣ್ತೆರೆದಾಗ ಅವನಿರುವುದು ಬೇರೊಂದು ಊರಿನಲ್ಲಿ. ಅದು ತಾನು ಓದಿದ ಚಿತ್ರಕಥೆಯ ಕೀಸ್ಟೋನ್ ನಗರವೆಂದು ತಿಳಿದೊಡನೆ ಅವನು ಟೆಲಿಫೋನ್ ಪುಸ್ತಕವನ್ನು ತೆರೆದು ಜೇ ಗ್ಯಾರಿಕನ ವಿಳಾಸವನ್ನು ಹುಡುಕುತ್ತಾನೆ. ವೈಜ್ಞಾನಿಕ ಮನೋಧರ್ಮಕ್ಕೆ ಇದಕ್ಕಿಂತ ಚೆಲುವಾದ ಉದಾಹರಣೆಯನ್ನು ಅಂಥ ಪತ್ರಿಕೆಗಳಲ್ಲಿ ನಾನು ಕಂಡಿಲ್ಲ. ಊಹೆ ಹುಟ್ಟಿತು, ಪರೀಕ್ಷೆಯ ಸಾಧನ ಕೈಯಳತೆಯಲ್ಲಿತ್ತು, ಪರೀಕ್ಷೆ ನಡೆಯಿತು.

ಕಥೆಯಲ್ಲಿನ ವಿಜ್ಞಾನವನ್ನು ಈಗ ಒರೆಗೆ ಹಚ್ಚಬೇಕು. ಮೊದಲು ಗಡಸು ನೀರು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುವ ನೀರೇ ಗಡಸು ನೀರು. ಅದರಲ್ಲಿ ಸಾಬೂನು ನೊರೆ ಕೊಡದು, ಅದನ್ನು ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಹೊಪ್ಪಳಿಕೆ ಕಟ್ಟುತ್ತದೆ. ಲವಣಗಳು ಹಂಡೆಯಲ್ಲಿ ಉಳಿದವೆಂದ ಮೇಲೆ ಮೇಲೇರಿದ ಆವಿಯಲ್ಲಿ ಗಡಸುತನವೆಲ್ಲಿಯದು? ಅದು ಬರಿಯ ನೀರಾವಿ. ಈ ತೊಡಕನ್ನು ಕಂಡೋ ಏನೋ, ಮುಂದಿನ ಲೇಖಕರು ‘ಗಡಸು ನೀರ’ನ್ನು ‘ಭಾರಜಲ’ವೆಂದು ತಿದ್ದಿಕೊಂಡರು. ಭಾರಜಲದಲ್ಲಿ ಸಾಮಾನ್ಯ ಜಲಜನಕದ ಸ್ಥಾನವನ್ನು ಅದರ ಇಮ್ಮಡಿ ತೂಕದ ಡ್ಯುಟೀರಿಯಂ ಆಕ್ರಮಿಸಿರುತ್ತದೆ. 1931ರಲ್ಲಿ ಡ್ಯುಟೀರಿಯಮನ್ನು ಕಂಡುಹಿಡಿದ ಹೆರಾಲ್ಡ್ ಯೂರೆ ಅವರಿಗೆ 1934ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ತೂಕ ಹೆಚ್ಚಾದ ಕಾರಣ ಡ್ಯುಟೀರಿಯಮಿನ ಬಂಧಗಳು ಒಡೆಯಬೇಕಾದ ರಾಸಾಯನಿಕ ಕ್ರಿಯೆಗಳು ನಿಧಾನಗತಿಯಲ್ಲಿ ನಡೆಯುತ್ತವೆ. ಆದುದರಿಂದ ಭಾರಜಲವು ಮೈತುಂಬಿದ ಜೇ ಓಡುವುದಿರಲಿ, ಎದ್ದು ಕೂರುವುದೂ ಕಷ್ಟವಾದೀತು. ಇದು ಕಥೆಯ ಅಂಚಿನ ಮಾತು, ಇರಲಿ.

ಮುಖ್ಯವಾದುದು ಕಂಪನದ ವಾದ. ಎರಡು ಭೂಮಿಗಳು ಒಂದೇ ಎಡೆಯನ್ನು ಆಕ್ರಮಿಸಿವೆ. ಆದರೆ ಅವುಗಳ ಕಂಪನವೇಗ ಬೇರೆ ಬೇರೆಯಾದ್ದರಿಂದ ಒಂದು ಮತ್ತೊಂದಕ್ಕೆ ಗೋಚರಿಸದು ಎಂದು ಬ್ಯಾರಿಯು ವಿವರಿಸುತ್ತಾನೆ. ಕೇಳಿದೊಡನೆ ನಮಗೆ ರೇಡಿಯೋ ನೆನಪಾಗುತ್ತದೆ. ನೀವು ಕುಳಿತಿರುವ ಕೋಣೆಯಲ್ಲಿ ಈ ಕ್ಷಣವೇ ಹಲವಾರು ನಿಲಯಗಳ ವಿದ್ಯುತ್ಕಾಂತ ತರಂಗಗಳು ಹಾಯ್ದುಹೋಗುತ್ತಿವೆ. ಒಂದು ಮತ್ತೊಂದನ್ನು ಕೆಡಿಸುವುದಿಲ್ಲ. ತಿರುಗಣೆಯನ್ನು ಯಾವ ಆವರ್ತಸಂಖ್ಯೆಗೆ ಹೊಂದಿಸುತ್ತೇವೋ ಆ ನಿಲಯ ಕೇಳಿಸುತ್ತದೆ. ಭೂಮಿಗಳೂ ಹೀಗೆಯೇ ಏಕಾಗಬಾರದು?

ಆಗಲಾರದು, ಏಕೆಂದರೆ ಪದಾರ್ಥವು ಬೆಳಕಿನಂತೆ ನಡೆದುಕೊಳ್ಳುವುದಿಲ್ಲ. ಘನವಸ್ತುವಿನ ಪರಮಾಣುಗಳು ಈಗಲೇ ಸೆಕೆಂಡಿಗೆ ಸುಮಾರು 10 ಲಕ್ಷ ಕೋಟಿ ಸಲ ಕಂಪಿಸುತ್ತಿವೆ. ಆ ಕಂಪನವು ತೀವ್ರವಾದರೆ ವಸ್ತುವು ಬೇರೊಂದು ಲೋಕಕ್ಕೆ ಸರಿಯುವುದಿಲ್ಲ, ಕಾಯುತ್ತದೆ. ಒಲೆಯ ಮೇಲಿನ ಎಸರು ಕುದಿಯುತ್ತದೆಯೇ ವಿನಾ ಕೀಸ್ಟೋನ್ ನಗರದ ಒಲೆಗೆ ಹೋಗಿ ಕೂರುವುದಿಲ್ಲ. ಇನ್ನು, ಗೋಡೆಯೊಳಗೆ ಕೈ ತೂರದಿರುವುದು ಕಂಪನದ ಹೊಂದಾಣಿಕೆಯಿಂದಲ್ಲ. ಎರಡೂ ಕಡೆಯ ಎಲೆಕ್ಟ್ರಾನುಗಳ ವಿದ್ಯುತ್ ವಿಕರ್ಷಣೆಯಿಂದ, ಮತ್ತು ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳಿರಲು ಸಾಧ್ಯವಿಲ್ಲವೆಂದು 1925ರಲ್ಲಿ ವೋಲ್ಫ್‌ಗಾಂಗ್ ಪೌಲಿ ಅವರು ಸಾರಿದ ನಿಯಮದಿಂದ.

ಹಾಗೆಂದು ಒಂದರ ಎಡೆಯಲ್ಲಿ ಮತ್ತೊಂದು ಹಾಯ್ದುಹೋಗುವ ಕಣಗಳೇ ಇಲ್ಲವೆಂದಲ್ಲ. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳು ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನಲ್ಲಿಯೂ ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ನಿರಾತಂಕವಾಗಿ ದಾಟುತ್ತಿವೆ. ಅವುಗಳಿಗೆ ವಿದ್ಯುದಂಶವಿಲ್ಲ, ಪರಮಾಣುಗಳೊಡನೆ ಅವುಗಳ ವ್ಯವಹಾರ ಅತಿ ದುರ್ಬಲ. ಆದರೂ ಅವು ಪೂರ್ತಿ ಅಡಗಿರಲಾರವು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿದರು. ಬೇರೆ ಕಣಗಳು ಅಷ್ಟು ಬಂಡೆಯನ್ನು ಅಡ್ಡಹಾಯ್ದು ಬರುವುದು ಬಲು ವಿರಳ. ಲಕ್ಷಾಂತರ ಕೋಟಿ ನ್ಯೂಟ್ರಿನೋಗಳಲ್ಲಿ ಎಲ್ಲೋ ಒಂದು ಬಂಡೆಯ ಪರಮಾಣುವನ್ನು ತಾಕಿ ಮ್ಯೂವಾನ್ ಎಂಬ ಕಣವನ್ನು ಹೊರಡಿಸುತ್ತದೆ. ಉಪಕರಣವು ಆ ಮ್ಯೂವಾನಿನ ಜಾಡನ್ನು ದಾಖಲಿಸುತ್ತದೆ. ಆ ಗಣಿ 2001ರಲ್ಲಿ ಮುಚ್ಚಿಹೋಯಿತು.

ಇದರಿಂದ ಒಂದು ಕಟ್ಟುನಿಟ್ಟಿನ ಪ್ರಶ್ನೆ ಏಳುತ್ತದೆ. ಜೇ ಗ್ಯಾರಿಕನ ಭೂಮಿಗೆ ದ್ರವ್ಯರಾಶಿಯುಂಟಷ್ಟೆ. ಅದು ನಮ್ಮ ಎಡೆಯಲ್ಲಿಯೇ ಇದ್ದು ಗುರುತ್ವದಿಂದ ನಮ್ಮನ್ನು ಸೆಳೆಯುತ್ತಿದ್ದರೆ ಅದರ ಸೆಳೆತವು ನಮ್ಮ ತಕ್ಕಡಿಯಲ್ಲಿಯೂ ಚಂದ್ರನ ಗತಿಯಲ್ಲಿಯೂ ಲೆಕ್ಕಕ್ಕೆ ಸಿಗಬೇಕು. ಸೆಳೆಯುತ್ತಿಲ್ಲ, ಬೆಳಕನ್ನು ಕಳಿಸುತ್ತಿಲ್ಲ, ಕಣಗಳನ್ನು ತಾಕುತ್ತಿಲ್ಲ ಎನ್ನುವುದಾದರೆ ‘ಅದು ಇದೇ ಎಡೆಯಲ್ಲಿದೆ’ ಎಂಬ ಮಾತಿಗೆ ಅರ್ಥವೇನು? ‘ಎಡೆ’ ಎಂಬುದನ್ನು ನಾವು ಅಳೆಯುವುದೇ ಇಂಥ ಸಂಬಂಧಗಳ ಮೂಲಕ. ಸಂಬಂಧವೆಲ್ಲ ಕಡಿದ ಮೇಲೆ ಹತ್ತಿರವೂ ಇಲ್ಲ, ದೂರವೂ ಇಲ್ಲ.

‘ಆದರೆ ಸಮಾಂತರ ಲೋಕಗಳನ್ನು ಭೌತವಿಜ್ಞಾನಿಗಳೇ ಒಪ್ಪುತ್ತಾರಲ್ಲ’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅವರ ಮನಸ್ಸಿನಲ್ಲಿರುವುದು ಹ್ಯೂ ಎವರೆಟ್ ಅವರ ಸಿದ್ಧಾಂತ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪ್ರಬಂಧವಾಗಿ ಸಿದ್ಧವಾದ ಅದು 1957ರಲ್ಲಿ ಅಚ್ಚಾಯಿತು. 1970ರಲ್ಲಿ ಬ್ರೈಸ್ ಡಿವಿಟ್ಟರ ಲೇಖನದಿಂದ ಬಹುಜನರಿಗೆ ಪರಿಚಿತವಾಯಿತು. ಕ್ವಾಂಟಂ ಪ್ರಯೋಗದಲ್ಲಿ ಹಲವು ಫಲಗಳು ಸಂಭಾವ್ಯವಾಗಿರುವಾಗ, ಒಂದು ಮಾತ್ರ ನಡೆದು ಉಳಿದವು ಅಳಿಯುತ್ತವೆನ್ನುವ ಬದಲು, ಎಲ್ಲವೂ ನಡೆಯುತ್ತವೆ, ಪ್ರಪಂಚವು ಕವಲೊಡೆಯುತ್ತದೆ ಎನ್ನುವುದು ಅದರ ಸಾರ. ಎಲ್ಲ ಭೌತವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಒಪ್ಪಿದರೂ ಬ್ಯಾರಿಗೆ ಉಪಯೋಗವಿಲ್ಲ. ಆ ಸಿದ್ಧಾಂತದ ಗಣಿತದ ಪ್ರಕಾರ, ಒಮ್ಮೆ ಬೇರ್ಪಟ್ಟ ಕವಲುಗಳು ತಂತಮ್ಮ ಹಾದಿಯಲ್ಲಿ ಬೆಳೆಯುತ್ತವೆಯೇ ಹೊರತು ಒಂದು ಕವಲಿನಿಂದ ಮತ್ತೊಂದಕ್ಕೆ ಓಲೆಯನ್ನು ಕಳುಹಿಸಲಾಗದು. ಓಟಗಾರನನ್ನು ಕಳುಹಿಸುವುದಂತೂ ದೂರ ಉಳಿಯಿತು.

ಈಗ ಕಥೆಯ ಅತ್ಯಂತ ಸ್ವಾರಸ್ಯವಾದ ಭಾಗಕ್ಕೆ ಬರೋಣ. ಜೇ ನಿಜವಾಗಿ ಇದ್ದವನಾದರೆ, ಅವನನ್ನು ಕಾಣದ ಫಾಕ್ಸರು ಅವನ ಹೆಸರು, ಊರು, ಸಾಹಸಗಳನ್ನು ಚಾಚೂ ತಪ್ಪದೆ ಬರೆದದ್ದು ಹೇಗೆ? ಬರಿಯ ಆಕಸ್ಮಿಕವೆನ್ನಬಹುದೆ? ತರ್ಕಶಾಸ್ತ್ರಜ್ಞ ಸಾಲ್ ಕ್ರಿಪ್ಕೆ ಅವರು 1970ರಲ್ಲಿ, ಅದೇ ಪ್ರಿನ್ಸ್‌ಟನ್ನಿನಲ್ಲಿ, ಹೆಸರುಗಳನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. 1972ರಲ್ಲಿ ಅವು ಅಚ್ಚಾದಾಗ ಸೇರಿಸಿದ ಅನುಬಂಧದಲ್ಲಿ ಷರ್ಲಾಕ್ ಹೋಮ್ಸನ ಉದಾಹರಣೆ ಬರುತ್ತದೆ. ಹೋಮ್ಸನಂಥ ಸಾಹಸಗಳನ್ನೇ ಮಾಡಿದ ಪತ್ತೇದಾರನೊಬ್ಬನು ನಿಜವಾಗಿ ಇದ್ದನೆಂದು ತಿಳಿದುಬಂದರೂ, ಕಾನನ್ ಡಾಯಲ್ ಅವರು ಬರೆದದ್ದು ಇವನನ್ನು ಕುರಿತೇ ಎಂದು ಅಷ್ಟರಿಂದಲೇ ಸಿದ್ಧವಾಗದು ಎಂಬುದು ಅವರ ವಾದ. ಸರಿಯಾದ ಮಾತು. ಧಾರವಾಡದ ಲೇಖಕನೊಬ್ಬನು ಶಾಮಣ್ಣನೆಂಬ ಕುಂಟು ಮಾಸ್ತರನನ್ನು ಕಲ್ಪಿಸಿ ಕಾದಂಬರಿ ಬರೆದನೆನ್ನಿ. ಅವನು ಕೇಳಿಯೂ ಅರಿಯದ ಹಳ್ಳಿಯೊಂದರಲ್ಲಿ ಅದೇ ಹೆಸರಿನ, ಅದೇ ನಡಿಗೆಯ ಮಾಸ್ತರೊಬ್ಬರಿದ್ದರೆ ಕಾದಂಬರಿ ಅವರ ಚರಿತ್ರೆಯಾಗುವುದಿಲ್ಲ. ಹೋಲಿಕೆ ಎಷ್ಟಿದ್ದರೂ ಸಾಲದು. ವ್ಯಕ್ತಿಯಿಂದ ಬರಹದವರೆಗೆ ಕಾರ್ಯಕಾರಣಗಳ ಕೊಂಡಿ ಇರಬೇಕು.

1961ರ ಕಥೆಯಲ್ಲಿ ಫಾಕ್ಸರು ಈ ಕೊಂಡಿಯನ್ನು ಒದಗಿಸಿಬಿಟ್ಟಿದ್ದಾರೆ. ಬ್ಯಾರಿಯ ಭೂಮಿಯಲ್ಲಿಯೂ ಗಾರ್ಡ್ನರ್ ಫಾಕ್ಸ್ ಎಂಬ ಲೇಖಕನಿದ್ದಾನೆ; ನಿದ್ದೆಯಲ್ಲಿ ಅವನ ಮನಸ್ಸು ಆ ಇನ್ನೊಂದು ಭೂಮಿಯ ಕಂಪನಕ್ಕೆ ಹೊಂದಿಕೊಂಡಿರಬೇಕು; ಕಂಡ ಕನಸನ್ನೇ ಅವನು ಕಲ್ಪನೆಯೆಂದು ಬಗೆದು ಬರೆದಿರಬೇಕು ಎಂದು ಬ್ಯಾರಿಯು ಊಹಿಸುತ್ತಾನೆ. ಆಗ ‘ಫ್ಲ್ಯಾಷ್ ಕಾಮಿಕ್ಸ್’ ಕಥೆಯೇ ಅಲ್ಲ. ತಾನು ವರದಿಯೆಂದು ಅರಿಯದ ವರದಿ. ತರ್ಕದ ದೃಷ್ಟಿಯಿಂದ ಇದು ಜಾಣ ಪರಿಹಾರ. ಆದರೆ ಭೌತವಿಜ್ಞಾನವು ಒಡನೆಯೇ ತಡೆಯುತ್ತದೆ. ಸುದ್ದಿಯು ಸಾಗಬೇಕಾದರೆ ವಾಹಕ ಬೇಕು, ವಾಹಕಕ್ಕೆ ಶಕ್ತಿ ಬೇಕು. ಅಲ್ಲಿಂದ ಹೊರಟ ಏನೋ ಒಂದು ಇಲ್ಲಿಯ ಮಿದುಳಿನ ಜೀವಕೋಶಗಳನ್ನು ಕದಲಿಸಿತೆಂದರೆ, ಆ ಲೋಕವು ಬೇರೆ ಲೋಕವಾಗಿ ಉಳಿಯಲಿಲ್ಲ. ಅದು ನಮ್ಮದೇ ವಿಶ್ವದ ಇನ್ನೊಂದು ಮೂಲೆಯಾಯಿತು. ಪೂರ್ತಿ ಬೇರೆಯಾದ ಲೋಕದಿಂದ ಸುದ್ದಿ ಬಾರದು. ಸುದ್ದಿ ಬಂದರೆ ಅದು ಪೂರ್ತಿ ಬೇರೆಯಲ್ಲ. ಬೆನ್ಜೀನಿನ ಉಂಗುರಾಕೃತಿ ತೂಕಡಿಕೆಯಲ್ಲಿ ಹೊಳೆಯಿತೆಂದು ಕೆಕುಲೆ ಅವರು 1890ರಲ್ಲಿ ಹೇಳಿದರು, ನಿಜ. ಆದರೆ ಆ ಕನಸಿನ ಸಾಮಗ್ರಿಯೆಲ್ಲ ವರ್ಷಗಟ್ಟಲೆ ರಸಾಯನಶಾಸ್ತ್ರದಲ್ಲಿ ದುಡಿದ ಅವರ ತಲೆಯಲ್ಲಿಯೇ ಇತ್ತು.

ತನ್ನ ಭೂಮಿಗೆ ಮರಳಿದ ಬ್ಯಾರಿಯು ಈ ಸಾಹಸವನ್ನೆಲ್ಲ ಆ ಫಾಕ್ಸನಿಗೇ ಹೇಳಿ ಬರೆಯಿಸಬೇಕೆಂದುಕೊಳ್ಳುವುದರೊಂದಿಗೆ ಕಥೆ ಮುಗಿಯುತ್ತದೆ. ಅದನ್ನು ನಮ್ಮ ಭೂಮಿಯಲ್ಲಿ ಬರೆದವರೂ ಫಾಕ್ಸರೇ!

ಸರಪಳಿಯನ್ನು 1968ರಲ್ಲಿ ಇನ್ನೂ ಉದ್ದ ಮಾಡಿದರು. ಆ ವರ್ಷದ ಮೇ ತಿಂಗಳ 179ನೆಯ ಸಂಚಿಕೆಯಲ್ಲಿ, ಕೇರಿ ಬೇಟ್ಸರು ಬರೆದ ಕಥೆಯಲ್ಲಿ, ಬ್ಯಾರಿಯು ತಾನೇ ಕಲ್ಪಿತ ಪಾತ್ರವಾಗಿರುವ ಭೂಮಿಗೆ ಬಂದು ಬೀಳುತ್ತಾನೆ. ಜೇಗೆ ಒದಗಿದ್ದ ಸ್ಥಿತಿ ಈಗ ಅವನಿಗೆ! ಅವನು ನೆರವು ಬೇಡುವುದು ತನ್ನ ಪತ್ರಿಕೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸರನ್ನು. ಓದುಗನಿಗೆ ಇದು ನಮ್ಮದೇ ಭೂಮಿಯೆಂದು ತೋರುತ್ತದೆ. ಆದರೆ ನಮ್ಮ ಶ್ವಾರ್ಟ್ಸರ ಕೊಠಡಿಗೆ ಕೆಂಪು ಉಡುಪಿನ ಓಟಗಾರನಾರೂ ಬರಲಿಲ್ಲ. ಆದುದರಿಂದ ಚಿತ್ರದಲ್ಲಿರುವ ಶ್ವಾರ್ಟ್ಸ್ ಬೇರೆ, ಚಿತ್ರವನ್ನು ಅಚ್ಚುಹಾಕಿಸಿದ ಶ್ವಾರ್ಟ್ಸರು ಬೇರೆ. ಕಥೆಯು ನಮ್ಮ ಲೋಕವನ್ನು ಒಳಗೊಳ್ಳಲು ಹೋಗಿ ಮತ್ತೊಂದು ಕಥಾಲೋಕವನ್ನು ಮಾತ್ರ ಸೃಷ್ಟಿಸಿತು. 1985ರಲ್ಲಿ ಆರಂಭವಾದ 12 ಸಂಚಿಕೆಗಳ ಮಹಾಕಥೆಯೊಂದರಲ್ಲಿ ಪ್ರಕಾಶಕರು ಈ ಭೂಮಿಗಳನ್ನೆಲ್ಲ ಕರಗಿಸಿ ಒಂದು ಮಾಡಿದರು. ಲೆಕ್ಕವಿಡುವುದು ಅವರಿಗೇ ಕಷ್ಟವಾಗಿದ್ದಿರಬೇಕು.

ತನ್ನೊಳಗೆ ತನ್ನನ್ನೇ ಒಳಗೊಳ್ಳುವ ಚಿತ್ರದ ವಿಚಾರವನ್ನು ಅಮೆರಿಕದ ತತ್ತ್ವಜ್ಞ ಜೋಸಯ್ಯ ರಾಯ್ಸ್ ಅವರು 1899ರಷ್ಟು ಹಿಂದೆಯೇ ಎತ್ತಿದ್ದರು. ಇಂಗ್ಲೆಂಡಿನ ನೆಲದ ಮೇಲೆಯೇ ಇಂಗ್ಲೆಂಡಿನ ಪರಿಪೂರ್ಣ ನಕ್ಷೆಯನ್ನು ಬರೆದರೆ, ನೆಲದ ಮೇಲಿರುವ ಆ ನಕ್ಷೆಯೂ ನಕ್ಷೆಯಲ್ಲಿ ಕಾಣಬೇಕು. ಅದರೊಳಗೆ ಮತ್ತೊಂದು, ಅದರೊಳಗೆ ಮಗುದೊಂದು, ಹೀಗೆ ಕೊನೆಯಿಲ್ಲ. ಗಣಿತಕ್ಕೆ ಇದರಿಂದ ತೊಂದರೆಯಿಲ್ಲ. ಕಾಗದಕ್ಕೆ ಮಾತ್ರ ತೊಂದರೆ. ಒಂದು ಮೀಟರ್ ಅಗಲದ ನಕ್ಷೆಯನ್ನು ತೆಗೆದುಕೊಂಡು, ಒಳಗಿನ ಒಂದೊಂದು ನಕ್ಷೆಯೂ ಹೊರಗಿನದರ ಹತ್ತನೆಯ ಒಂದು ಪಾಲಿನಷ್ಟು ಅಗಲವಿದೆಯೆಂದು ಭಾವಿಸಿ. ಮೂರನೆಯದು ಒಂದು ಮಿಲಿಮೀಟರ್. ಅಲ್ಲಿಗೆ ಮುದ್ರಕನ ಲೇಖನಿ ಸೋಲುತ್ತದೆ. ಹತ್ತನೆಯದರ ಅಗಲ ಒಂದು ಪರಮಾಣುವಿನ ಅಗಲದಷ್ಟೆ. ಹನ್ನೊಂದನೆಯದನ್ನು ಬರೆಯಲು ಶಾಯಿಯಾಗಿ ಉಪಯೋಗಿಸಬಲ್ಲ ಪದಾರ್ಥವಾವುದೂ ಇಲ್ಲ.