ಮೀನಿನ ರೋಗವೂ ಅದರ ಸಂಚಾರವೂ

ಕಲಾವಿಭಾಗದ ವಿದ್ಯಾರ್ಥಿಗೆ ಮೀನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಓಡಾಡಿ ಬೆಳೆದವನು ನಾನು; ನನ್ನ ಅರ್ಹತೆ ಇಷ್ಟೇ. ಒಂದು ಮಾಗಿಯ ಬೆಳಿಗ್ಗೆ ಕೆರೆಯಂಚಿನಲ್ಲಿ ಕೊರಮೀನೊಂದು ತಲೆಯನ್ನು ನೀರಿನಿಂದ ಮೇಲೆತ್ತಿ ನಿಂತಿತ್ತು. ಈ ಜಾತಿಯ ಮೀನು ಗಾಳಿ ಕುಡಿಯಲು ಮೇಲೆ ಬರುವುದು ಸಹಜ; ಬಂದು ಅಲ್ಲಿಯೇ ನಿಲ್ಲುವುದು ಸಹಜವಲ್ಲ. ನನ್ನ ನೆರಳು ಬಿದ್ದರೂ ಅದು ಕದಲಲಿಲ್ಲ. ಬರಿಗೈಯಲ್ಲೇ ಹಿಡಿದು, ಜಂಬದಿಂದ ಮನೆಗೆ ತಂದೆ. ಸೋದರಮಾವ ಅದನ್ನು ಹೊರಳಿಸಿ, ಪಕ್ಕೆಯಲ್ಲಿದ್ದ ಕೆಂಪು ಹುಣ್ಣನ್ನು ತೋರಿಸಿ, "ಇದನ್ನು ನೀನು ಹಿಡಿದದ್ದಲ್ಲ ಕಣಪ್ಪ, ಇದಕ್ಕೆ ಓಡಲಾಗಲಿಲ್ಲ" ಎಂದರು. ಮತ್ತೆ ಕೆರೆಗೆ ಬಿಡಲೂ ಅವರು ಒಪ್ಪಲಿಲ್ಲ. ಹೊಲದ ಬದುವಿನಲ್ಲಿ ಹೂಳಿಸಿದರು.

ಕಾಡುಮೀನುಗಳಲ್ಲಿ ಇಂಥ ಹುಣ್ಣು ತರುವ ರೋಗಗಳಲ್ಲಿ ಒಂದು ಬಹು ಪ್ರಸಿದ್ಧವಾದುದು. ಅಫನೊಮೈಸಿಸ್ ಇನ್ವಡಾನ್ಸ್ ಎಂಬ ಬೂಷ್ಟಿನಂಥ ಜೀವಿ ಅದಕ್ಕೆ ಮೂಲ. 1971ರಲ್ಲಿ ಜಪಾನಿನಲ್ಲಿ ಮೊದಲು ಗೋಚರಿಸಿ, ಆಗ್ನೇಯ ಏಷ್ಯವನ್ನು ದಾಟಿ, 1988ರಲ್ಲಿ ಭಾರತದ ಈಶಾನ್ಯ ಭಾಗವನ್ನು ಹೊಕ್ಕು, ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಕೊರಮೀನಿಗೆ ಇದು ಮಾರಕ. ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಮಳೆಗಾಲ ಕಳೆದು ನೀರು ತಣ್ಣಗಾದಾಗ ಇದರ ಕಾಟ ಹೆಚ್ಚು. ಮೊದಲು ಮೀನು ಮೇವು ಬಿಡುತ್ತದೆ, ಮೈ ಕಪ್ಪಾಗುತ್ತದೆ, ಗುಂಪನ್ನಗಲಿ ಮೇಲ್ಮೈಗೆ ಬರುತ್ತದೆ. ಹುಣ್ಣು ಕಾಣುವುದು ಅನಂತರ. ಆದುದರಿಂದ ಮೀನಿನ ನಡೆಯೇ ರೋಗದ ಮೊದಲ ಸಮಾಚಾರವೆನ್ನಬೇಕು.

ಆದರೆ ನಡೆ ಬದಲಾದುದೆಲ್ಲ ನಿತ್ರಾಣದಿಂದಲೇ ಎನ್ನುವಂತಿಲ್ಲ. ಮೀನು ತಣ್ಣನೆಯ ರಕ್ತದ ಪ್ರಾಣಿ. ನಮ್ಮಂತೆ ಒಳಗಿನಿಂದ ಜ್ವರ ಏರಿಸಿಕೊಳ್ಳಲಾರದು. ಅದಕ್ಕಾಗಿ ಬೆಚ್ಚನೆಯ ನೀರನ್ನು ಹುಡುಕಿಕೊಂಡು ಹೋಗುತ್ತದೆ! 1976ರಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಾಣು ಚುಚ್ಚಿದ ಮೀನುಗಳು ಎರಡು ಡಿಗ್ರಿಗೂ ಹೆಚ್ಚು ಬಿಸಿಯಾದ ನೀರನ್ನು ಆರಿಸಿಕೊಂಡುದನ್ನು ತೋರಿಸಿಕೊಟ್ಟರು. ಇನ್ನು ಕೆಲವೆಡೆ ಮೀನನ್ನು ನಡೆಸುವುದು ಅದರೊಳಗಿನ ಹುಳು. ಕ್ಯಾಲಿಫೋರ್ನಿಯದ ಒಂದು ಚಿಕ್ಕಮೀನಿನ ಮಿದುಳಿನ ಮೇಲೆ ಚಪ್ಪಟೆಹುಳು ಸೇರಿದಾಗ, ಅದು ಮೇಲ್ಮೈಯಲ್ಲಿ ಹೊರಳಿ ಮಿಂಚುತ್ತದೆ. ಅಂಥವನ್ನು ಹಕ್ಕಿಗಳು 10ರಿಂದ 30 ಪಟ್ಟು ಹೆಚ್ಚಾಗಿ ಹಿಡಿದುವೆಂದು 1996ರಲ್ಲಿ ಪ್ರಕಟವಾಯಿತು. ಹುಳುವಿಗೆ ಬೇಕಾದುದೂ ಅದೇ. ಅದು ಬೆಳೆದು ಮೊಟ್ಟೆಯಿಡುವುದು ಹಕ್ಕಿಯ ಹೊಟ್ಟೆಯಲ್ಲಿ.

ಇದು ದೂರದ ಮಾತೆನ್ನಬೇಡಿ. ತುಮಕೂರಿನ ಬಳಿಯ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಿಂತು, ಮದ್ದೂರಿನತ್ತ ಹರಿಯುತ್ತದೆ. ಆ ಕೆಳಗಣ ಸೀಮೆಯಲ್ಲಿರುವ ಕೊಕ್ಕರೆಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತುವು. ಅವುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಮೀನಿನಿಂದ ಬರುವ ದುಂಡುಹುಳು. ಹಕ್ಕಿಯ ಹಿಕ್ಕೆಯೊಡನೆ ಮೊಟ್ಟೆ ನೀರಿಗೆ ಬೀಳುತ್ತದೆ. ಮರಿಹುಳು ನೀರಿನ ಸೂಕ್ಷ್ಮಜೀವಿಗಳ ಮೂಲಕ ಮೀನನ್ನು ಸೇರುತ್ತದೆ. ಕಟ್ಟೆ ಹತ್ತಲಾರದ ಮೀನಿನ ರೋಗ ರೆಕ್ಕೆಯ ಮೇಲೆ ಕೆರೆಯಿಂದ ಕೆರೆಗೆ ಹೋಗುವ ಬಗೆ ಇದು.

ವಲಸೆಗೂ ರೋಗ ಅಡ್ಡಬರುತ್ತದೆ. ಯೂರೋಪಿನ ಹಾವುಮೀನು ಮೊಟ್ಟೆಯಿಡಲು 5000 ಕಿಲೋಮೀಟರಿಗೂ ಹೆಚ್ಚು ಈಜಿ ಸಾರ್ಗಾಸೊ ಸಮುದ್ರಕ್ಕೆ ಹೋಗಬೇಕು. 1980ರ ದಶಕದ ಆರಂಭದಲ್ಲಿ ಪೂರ್ವ ಏಷ್ಯದಿಂದ ಬಂದ ಹುಳುವೊಂದು ಅದರ ಗಾಳಿಚೀಲವನ್ನು ಕೆಡಿಸಿ, ಈಜುವ ಕಸುವನ್ನೇ ಕುಗ್ಗಿಸಿತು. ನಮ್ಮ ಕೆರೆಯ ಮೀನಿನದು ಸಣ್ಣ ಪ್ರಯಾಣ: ಕೋಡಿ ಬಿದ್ದಾಗ ಹರಿವಿಗೆದುರಾಗಿ ಏರುವುದು, ಗದ್ದೆಬಯಲಿಗೆ ನುಗ್ಗುವುದು, ನೀರಿಳಿದಾಗ ಹಿಂದಿರುಗುವುದು. ಬಲವಾಗಿ ಕಾಯಿಲೆ ಬಿದ್ದದ್ದು ಹಿಂದುಳಿಯುತ್ತದೆ. ಸೋಂಕು ತಗುಲಿಯೂ ಇನ್ನೂ ಗಟ್ಟಿಯಾಗಿರುವುದು ಅದನ್ನು ಹೊತ್ತುಕೊಂಡೇ ಹೋಗುತ್ತದೆ.

ಒಂದು ಎಚ್ಚರಿಕೆ. ಮುಂಜಾನೆ ಮೀನುಗಳೆಲ್ಲ ಒಟ್ಟಿಗೆ ಬಾಯ್ಬಿಟ್ಟು, ಬಿಸಿಲೇರಿದ ಮೇಲೆ ಕೆಳಗಿಳಿದರೆ, ಅದು ಬಹುಶಃ ನೀರಿನಲ್ಲಿ ಆಮ್ಲಜನಕ ಸಾಲದುದರ ಗುರುತು. ಒಂದೆರಡು ಮಾತ್ರ ನಡುಹಗಲಿನಲ್ಲೂ ದಡ ಹಿಡಿದು ನಿಂತು, ನೆರಳಿಗೂ ಬೆದರದಿದ್ದರೆ, ಬುಟ್ಟಿ ತರುವ ಮೊದಲು ಅವುಗಳ ಪಕ್ಕೆಯನ್ನು ನೋಡಬೇಕು.